ಉದ್ದ ಹುಡುಗನಿಗೆ ಇನ್ನೆರಡು ವರ್ಷ

ಕಳೆದ ಅಪ್ರೈಸಲ್ ಸಮಯದಲ್ಲಿ ನನ್ನ ಮುಂದೆ ಒಂದು ಎಕ್ಸೆಲ್ ಶೀಟ್ ಇತ್ತು. ಟೀಮಿನ ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಕಾಲಂ. ಯಾರನ್ನ ಉಳಿಸ್ಕೋಬೇಕು, ಯಾರನ್ನ 'ರಿಲೀಸ್' ಮಾಡಬೇಕು ಅಂತ ನಾನು ತುಂಬಬೇಕು. ಹತ್ತು ಹೆಸರಿಗೆ ಹತ್ತು ನಿಮಿಷ ಸಾಕಾಯ್ತು. ಹನ್ನೊಂದನೆಯವನು ಕಾಲೇಜು ಮುಗಿಸಿ ಬಂದು ಒಂದೂವರೆ ವರ್ಷವಾದ ಹುಡುಗ. ಮೀಟಿಂಗಲ್ಲಿ ಬಾಯಿ ಬಿಡಲ್ಲ. ಇಂಗ್ಲಿಷ್ ತಡವರಿಸ್ತಾನೆ. ಬೇರೆಯವರು ಎರಡು ದಿನದಲ್ಲಿ ಮುಗಿಸೋ ಕೆಲಸಕ್ಕೆ ನಾಲ್ಕು ದಿನ ತಗೋತಾನೆ. ಆದ್ರೆ ಅವನು ಮುಗಿಸಿ ಕೊಟ್ಟ ಕೆಲಸ ಒಮ್ಮೆಯೂ ವಾಪಸ್ ಬಂದಿದ್ದು ನನಗೆ ನೆನಪಿಲ್ಲ. ಆ ಕಾಲಂ ಖಾಲಿ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದೆ.

ಅದೇ ವಾರ ನನ್ನ ಹಳೇ ಮೆಲ್ಬರ್ನ್ ವಾಟ್ಸಾಪ್ ಗುಂಪಲ್ಲಿ ಒಂದು ಸುದ್ದಿ ಬಂತು. ಕ್ಲೈಂಟ್ ಕೆಲಸಕ್ಕೆ ಅಂತ ಕೆಲವು ತಿಂಗಳು ಅಲ್ಲಿದ್ದಾಗ ಆಫೀಸಿನ 'ಫುಟಿ ಟಿಪ್ಪಿಂಗ್'ಗೆ ಸೇರಿದ್ದೆ. ವಾರ ವಾರ ಯಾವ ಟೀಮ್ ಗೆಲ್ಲುತ್ತೆ ಅಂತ ಊಹಿಸೋ ಆಟ ಅದು. ವಾಪಸ್ ಬಂದ ಮೇಲೂ ಗುಂಪು ಬಿಟ್ಟಿಲ್ಲ, ಟಿಪ್ಪಿಂಗ್‌ನಲ್ಲಿ ಸೋಲೋದೂ ಬಿಟ್ಟಿಲ್ಲ. ಸುದ್ದಿ ಎರಡೇ ಸಾಲು: ಒಂದು ಕ್ಲಬ್ಬು ತನ್ನ 'ಡೆವಲಪಿಂಗ್ ಟಾಲ್' ಒಬ್ಬನ ಕಾಂಟ್ರಾಕ್ಟನ್ನ ಇನ್ನೆರಡು ವರ್ಷಕ್ಕೆ ಮುಂದುವರಿಸಿದೆ. ಹುಡುಗ ಇನ್ನೂ ಒಂದೂ ಸೀನಿಯರ್ ಮ್ಯಾಚ್ ಆಡಿಲ್ಲ.

ಒಂದೂ ಮ್ಯಾಚ್ ಆಡದವನಿಗೆ ಇನ್ನೆರಡು ವರ್ಷ! ನಮ್ಮ ಕಡೆ ಹೀಗೆ ಮಾಡಿದ್ರೆ 'ಯಾರ ಕಡೆಯವನು ಅವನು?' ಅಂತ ಕೇಳ್ತಾರೆ. ಆದ್ರೆ ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಇಂಥ ಸುದ್ದಿ ಅವರಿಗೆ ಪ್ರತಿ ವರ್ಷದ್ದು. ಯಾಕೆ ಹೀಗೆ ಅಂತ ಹುಡುಕ್ತಾ ಹೋದಾಗ ಸಿಕ್ಕ ಕತೆ ನನ್ನ ಎಕ್ಸೆಲ್ ಶೀಟಿಗಿಂತ ದೊಡ್ಡದಿತ್ತು.

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನೋಡದವರಿಗೆ ಚೂರು ಹಿನ್ನೆಲೆ. 1858ರಲ್ಲಿ ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಜಡ್ಡುಗಟ್ಟೋ ಬದಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿಕೊಳ್ಳಲಿ ಅನ್ನೋದು ಅವನ ಸಲಹೆ. ಮರುವರ್ಷ, 1859ರ ಮೇ ತಿಂಗಳಲ್ಲಿ, ಮೆಲ್ಬರ್ನ್ ಕ್ಲಬ್ಬಿನವರು ಕೂತು ಹತ್ತು ನಿಯಮ ಬರೆದರು. ನಾವು ಫುಟ್‌ಬಾಲ್ ಅನ್ನೋ ಆಟದ ನಿಯಮಗಳನ್ನ ಇಂಗ್ಲೆಂಡಿನ ಅಸೋಸಿಯೇಷನ್ ಬರೆದಿದ್ದು 1863ರಲ್ಲಿ. ಅಂದ್ರೆ ಇವರದ್ದು ನಾಲ್ಕು ವರ್ಷ ಮೊದಲು. ಕ್ರಿಕೆಟ್ ಮೈದಾನದಲ್ಲೇ ಆಟ. ಒಂದು ಕಡೆಗೆ ಹದಿನೆಂಟು ಜನ, ಮೊಟ್ಟೆ ಆಕಾರದ ಚೆಂಡು, ಎರಡೂ ತುದೀಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟು, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಒದ್ದ ಚೆಂಡನ್ನ ಗಾಳಿಯಲ್ಲೇ ಹಿಡಿದರೆ ಅದು 'ಮಾರ್ಕ್', ಹಿಡಿದವನಿಗೆ ನಿಂತು ಒದೆಯೋ ಹಕ್ಕು. ಅಂಪೈರ್ ಚೆಂಡನ್ನ ಮೇಲಕ್ಕೆ ಹಾಕಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಹಾರಿ ಅದನ್ನ ತನ್ನವರ ಕಡೆ ತಟ್ಟಬೇಕು. ಆ ಹಾರೋನೇ 'ರಕ್‌ಮನ್'.

ಇಷ್ಟು ಹೇಳಿದ ಮೇಲೆ ಎತ್ತರದವರಿಗೆ ಯಾಕಷ್ಟು ಬೇಡಿಕೆ ಅಂತ ಬಿಡಿಸಿ ಹೇಳೋದು ಬೇಡ. 1963ರಲ್ಲಿ ಜೀಲಾಂಗ್ ಕಪ್ ಗೆದ್ದಾಗ ಅವರ ಮಹಾನ್ ರಕ್‌ಮನ್ ಪಾಲಿ ಫಾರ್ಮರ್‌ನ ಎತ್ತರ 191 ಸೆಂಟಿಮೀಟರ್. ಈಗ ಆ ಎತ್ತರದವನನ್ನ ರಕ್‌ಗೆ ಯಾರೂ ಕರೆಯಲ್ಲ. ಎರಡು ಮೀಟರ್ ದಾಟಿರಬೇಕು.

ತೊಂದರೆ ಇರೋದು ಇಲ್ಲೇ. ಗಿಡ್ಡಗಿರೋ ಚುರುಕು ಹುಡುಗ ಹದಿನೆಂಟಕ್ಕೇ ಮೈದಾನಕ್ಕಿಳಿದು ಮಿಂಚಬಲ್ಲ. ಎರಡು ಮೀಟರ್ ಹುಡುಗನಿಗೆ ಹದಿನೆಂಟರಲ್ಲಿ ಮೂಳೆ ಇರುತ್ತೆ, ಅದರ ಮೇಲೆ ಮಾಂಸ ಇರಲ್ಲ. ನೂರು ಕೆಜಿ ದಾಟಿದ, ಹತ್ತು ವರ್ಷ ಆಡಿ ಪಳಗಿದವನ ಮೈಗೆ ಮೈ ಕೊಡಬೇಕು. ಬೆಳೆಯೋ ಮೈಗೆ ಮೊಣಕಾಲು, ಬೆನ್ನು, ಪಾದ ಒಂದಾದ ಮೇಲೊಂದು ಕೈಕೊಡ್ತವೆ. ಸಾಮಾನ್ಯವಾಗಿ ಇಪ್ಪತ್ಮೂರು ಇಪ್ಪತ್ನಾಲ್ಕರ ತನಕ ಅವನಿಂದ ಲಾಭ ಇಲ್ಲ.

ನಾನು ತಿಪಟೂರು ಕಡೆಯವನು. ನಮ್ಮ ತೆಂಗಿನ ತಳಿಯ ಹೆಸರೇ 'ತಿಪಟೂರು ಟಾಲ್'. ಗಿಡ್ಡ ತಳಿ ಮೂರು ನಾಲ್ಕು ವರ್ಷಕ್ಕೆ ಫಲ ಕೊಟ್ಟರೆ ಇದು ಆರೇಳು ವರ್ಷ ತಗೊಳ್ಳುತ್ತೆ. ಚಿಕ್ಕವನಿದ್ದಾಗ ಅಪ್ಪನ್ನ ಕೇಳಿದ್ದೆ, ಬೇಗ ಬರೋದನ್ನೇ ಹಾಕಬಾರದಾ ಅಂತ. 'ಬೇಗ ಬಂದಿದ್ದು ಬೇಗ ಮುಗೀತದೆ ಕಣ್ಲಾ. ಇದು ನಿನ್ ಮೊಮ್ಮಕ್ಕಳ ಕಾಲಕ್ಕೂ ನಿಂತಿರ್ತದೆ' ಅಂದಿದ್ರು. ಆದ್ರೆ ಆ ಆರೇಳು ವರ್ಷ ನೀರು ಹೊತ್ತಿದ್ದು ನಾವೇ. ತಾಳಿದವನು ಬಾಳಿಯಾನು ಅನ್ನೋ ಗಾದೆ ಸರಿ, ಆದ್ರೆ ತಾಳೋ ಖರ್ಚನ್ನ ಯಾರಾದ್ರೂ ಹೊರಬೇಕಲ್ಲ. ಎತ್ತರದ ಹುಡುಗನ ವಿಷಯದಲ್ಲಿ ಆ ಖರ್ಚು ಯಾರದ್ದು? ಮೆಲ್ಬರ್ನಿನ ಫುಟಿ ಈ ಪ್ರಶ್ನೆಗೆ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಕೊಟ್ಟಿದೆ.

ಬಹುಕಾಲ ಈ ಪ್ರಶ್ನೆಯೇ ಇರಲಿಲ್ಲ, ಯಾಕಂದ್ರೆ ಆಟಗಾರ ಕ್ಲಬ್ಬಿನ ಸೊತ್ತು. 1897ರಲ್ಲಿ ಎಂಟು ತಂಡಗಳ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಶುರುವಾಯ್ತು. ಮುಂದೆ ಮನೆ ಯಾವ ಏರಿಯಾದಲ್ಲಿದೆ ಅನ್ನೋದರ ಮೇಲೆ ಹುಡುಗ ಯಾವ ಕ್ಲಬ್ಬಿನವನು ಅಂತ ತೀರ್ಮಾನ ಆಗ್ತಿತ್ತು. ಬೇರೆ ಕಡೆ ಹೋಗಬೇಕಂದ್ರೆ ಹಳೇ ಕ್ಲಬ್ 'ಕ್ಲಿಯರೆನ್ಸ್' ಕೊಡಬೇಕು. ಸಂಬಳಕ್ಕೂ ಬೇಲಿ. 1930ರ 'ಕೌಲ್ಟರ್ ನಿಯಮ'ದ ಪ್ರಕಾರ ಎಷ್ಟೇ ದೊಡ್ಡ ಆಟಗಾರನಾದರೂ ಒಂದು ಮ್ಯಾಚಿಗೆ ಮೂರು ಪೌಂಡು, ಅದಕ್ಕಿಂತ ಹೆಚ್ಚಿಲ್ಲ. ಇಂಥ ವ್ಯವಸ್ಥೆಯಲ್ಲಿ ಉದ್ದ ಹುಡುಗ ಎಷ್ಟು ವರ್ಷ ತಗೊಂಡ್ರೂ ಕ್ಲಬ್ಬಿಗೆ ಚಿಂತೆಯಿಲ್ಲ. ಅವನೆಲ್ಲಿ ಹೋಗ್ತಾನೆ? ತಾಳ್ಮೆ ಇತ್ತು, ಆದ್ರೆ ಅದು ಹಗ್ಗ ಕಟ್ಟಿದವನ ತಾಳ್ಮೆ.

ಹಗ್ಗ ಮೊದಲು ಸಡಿಲವಾಗಿದ್ದು 1972ರಲ್ಲಿ. ಒಂದೇ ಕ್ಲಬ್ಬಿಗೆ ಹತ್ತು ವರ್ಷ ಆಡಿದವನು ಕ್ಲಿಯರೆನ್ಸ್ ಇಲ್ಲದೆ ಬೇರೆ ಕಡೆ ಹೋಗಬಹುದು ಅಂತ ಲೀಗ್ ನಿಯಮ ಮಾಡಿತು. ಆ ವರ್ಷ ಕೊನೇ ಸ್ಥಾನದಲ್ಲಿದ್ದ ನಾರ್ತ್ ಮೆಲ್ಬರ್ನ್ ತಕ್ಷಣ ಡಗ್ ವೇಡ್, ಬ್ಯಾರಿ ಡೇವಿಸ್, ಜಾನ್ ರಾಂಟಲ್ ಮೂವರನ್ನೂ ಎಳ್ಕೊಂಡು ಬಂತು. ರಾನ್ ಬರಾಸಿ ಕೋಚ್ ಆದ. 1975ರಲ್ಲಿ ಕ್ಲಬ್ಬಿಗೆ ಈ ಲೀಗಿನ ಮೊದಲ ಕಪ್. ಉಳಿದ ಕ್ಲಬ್‌ಗಳು ಹೆದರಿ, ನಿಯಮವನ್ನ 1973ರಲ್ಲೇ ಎತ್ತಿಹಾಕಿಸಿದ್ದವು. ಬಾಗಿಲು ತೆರೆದಿದ್ದು ಒಂದೇ ಸೀಸನ್ನು.

ಪೂರ್ತಿ ಬಿಚ್ಚಿದ್ದು ಕೋರ್ಟು. ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ಸಿಡ್ನಿಗೆ ಗಂಟುಮೂಟೆ ಕಟ್ಟಿದಾಗ ಸಿಲ್ವಿಯೊ ಫೋಸ್ಕಿನಿ ಅನ್ನೋ ಹುಡುಗ ಆಟಗಾರ ಮೆಲ್ಬರ್ನಿನಲ್ಲೇ ಇರ್ತೀನಿ, ಸೇಂಟ್ ಕಿಲ್ಡಾಗೆ ಆಡ್ತೀನಿ ಅಂದ. ಕ್ಲಿಯರೆನ್ಸ್ ಸಿಗಲಿಲ್ಲ. 1983ರಲ್ಲಿ ವಿಕ್ಟೋರಿಯ ಸುಪ್ರೀಂ ಕೋರ್ಟ್ ಈ ನಿಯಮಗಳು ಒಬ್ಬ ಮನುಷ್ಯ ದುಡಿದು ತಿನ್ನೋ ಸ್ವಾತಂತ್ರ್ಯಕ್ಕೆ ಅನ್ಯಾಯದ ಅಡ್ಡಿ ಅಂತ ತೀರ್ಪು ಕೊಟ್ಟಿತು. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನನ್ನ ಮೊದಲ ಕೆಲಸ. ಎರಡು ವರ್ಷದ ಬಾಂಡ್, ಬಿಟ್ಟರೆ ದುಡ್ಡು ಕಟ್ಟಬೇಕು. ಸಹಿ ಹಾಕುವಾಗ ನಾನು ಫೋಸ್ಕಿನಿಯ ಹೆಸರು ಕೇಳಿರಲಿಲ್ಲ.

ಆಮೇಲೆ ಲೀಗ್ ಹೊಸ ದಾರಿ ಹುಡುಕಿತು. ಎಂಬತ್ತರ ದಶಕದಲ್ಲಿ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿ ಬಂತು, 1986ರಲ್ಲಿ ಮೊದಲ ರಾಷ್ಟ್ರೀಯ ಡ್ರಾಫ್ಟ್ ನಡೀತು. ಹೊಸ ಹುಡುಗರನ್ನ ಕ್ಲಬ್‌ಗಳು ಸರದಿಯಲ್ಲಿ ಆರಿಸ್ಕೋಬೇಕು, ಕೆಳಗಿದ್ದವರಿಗೆ ಮೊದಲ ಸರದಿ. ಲೀಗಿನ ಹೆಸರು 1990ರಲ್ಲಿ ಎಎಫ್‌ಎಲ್ ಆಯ್ತು. ಈಗ ಹುಡುಗನ ಮೊದಲ ಕಾಂಟ್ರಾಕ್ಟ್ ಸಾಮಾನ್ಯವಾಗಿ ಎರಡು ವರ್ಷ. ಆಟಗಾರರ ಪಟ್ಟಿಯ ಗಾತ್ರಕ್ಕೂ ಮಿತಿ ಇದೆ. ಹಾಗಾಗಿ ಆಡದ ಹುಡುಗನೊಬ್ಬನನ್ನ ಇಟ್ಕೊಂಡ್ರೆ ಆಡಬಲ್ಲ ಇನ್ನೊಬ್ಬನ ಸೀಟು ಹೋಯ್ತು ಅಂತಲೇ ಲೆಕ್ಕ. ಹದಿನೆಂಟಕ್ಕೆ ಬಂದವನ ಕಾಂಟ್ರಾಕ್ಟ್ ಇಪ್ಪತ್ತಕ್ಕೆ ಮುಗಿಯುತ್ತೆ, ಮೈ ತಯಾರಾಗೋದು ಇಪ್ಪತ್ನಾಲ್ಕಕ್ಕೆ. ನಡುವಿನ ನಾಲ್ಕು ವರ್ಷಕ್ಕೆ ಕ್ಲಬ್ಬು ಪೆನ್ನು ಹಿಡಿದು, ಗೊತ್ತಿದ್ದೂ ಸಹಿ ಹಾಕಬೇಕು. ಹಗ್ಗ ಇದ್ದಾಗ ತಾಳ್ಮೆ ಪುಕ್ಕಟೆ ಇತ್ತು. ಈಗ ಅದಕ್ಕೆ ಬೆಲೆ ಬಂತು. ನಮ್ಮ ಗುಂಪಿನಲ್ಲಿ ಬಂದ ಎರಡು ಸಾಲಿನ ಸುದ್ದಿಯ ಅರ್ಥ ಇಷ್ಟೇ.

ಈ ತಾಳ್ಮೆಯ ದೊಡ್ಡ ಕತೆ ಜಿಮ್ ಸ್ಟೈನ್ಸ್‌ದು. ನಾರ್ತ್ ಮೆಲ್ಬರ್ನ್ ಆದಮೇಲೆ ಬರಾಸಿ ತನ್ನ ಹಳೇ ಮನೆ ಮೆಲ್ಬರ್ನ್ ಕ್ಲಬ್ಬಿಗೆ ಕೋಚ್ ಆಗಿ ವಾಪಸ್ ಬಂದಿದ್ದ. 1964ರಲ್ಲಿ ಅವನು ಆಟಗಾರನಾಗಿದ್ದಾಗ ಗೆದ್ದಿದ್ದೇ ಕ್ಲಬ್ಬಿನ ಕೊನೇ ಕಪ್. ಬೇರೆಯವರು ಆಸ್ಟ್ರೇಲಿಯದಲ್ಲಿ ಹುಡುಗರನ್ನ ಹುಡುಕ್ತಿದ್ರೆ ಮೆಲ್ಬರ್ನ್ ಕ್ಲಬ್ ಐರ್ಲೆಂಡಿಗೆ ಹೋಯ್ತು. ಅಲ್ಲಿನ ಗೇಲಿಕ್ ಫುಟ್‌ಬಾಲ್ ಆಡೋ ಎತ್ತರದ ಹುಡುಗರನ್ನ ತಂದು ಪಳಗಿಸೋಣ ಅಂತ. ಹಾಗೆ 1984ರ ಕೊನೆಯಲ್ಲಿ ಬಂದವನು ಡಬ್ಲಿನ್ನಿನ ಸ್ಟೈನ್ಸ್. ವಯಸ್ಸು ಹದಿನೆಂಟು, ಬೆಳೆದು ನಿಂತಾಗ ಎತ್ತರ 199 ಸೆಂಟಿಮೀಟರ್. ಅಲ್ಲಿ ದುಂಡು ಚೆಂಡು, ಇಲ್ಲಿ ಮೊಟ್ಟೆ ಚೆಂಡು. ಒದ್ದರೆ ಎಲ್ಲೋ ಹೋಗೋದು, ನೆಲಕ್ಕೆ ಬಿದ್ದರೆ ಎಲ್ಲೋ ಪುಟಿಯೋದು. ಒಂದು ವರ್ಷ ಚಿಕ್ಕವರ ಟೀಮಲ್ಲಿ ಕಳೆದ. ಆಮೇಲೆ ಕೆಳಗಿನ ದರ್ಜೆಯ ಪ್ರಾಹ್ರಾನ್ ಕ್ಲಬ್ಬಿಗೆ ಕಳಿಸಿದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅವನು ಎರಡು ವರ್ಷ ಬೆಂಚ್ ಮೇಲಿದ್ದ.

1987ರಲ್ಲಿ ಕೊನೆಗೂ ಸೀನಿಯರ್ ಟೀಮಿಗೆ ಬಂದ. 1964ರ ನಂತರ ಮೊದಲ ಸಲ ಮೆಲ್ಬರ್ನ್ ಫೈನಲ್ಸ್ ಹಂತ ತಲುಪಿತ್ತು. ಪ್ರಿಲಿಮಿನರಿ ಫೈನಲ್‌ನಲ್ಲಿ, ಅಂದ್ರೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ, ಎದುರಾಳಿ ಹಾಥಾರ್ನ್. ಕೊನೇ ಕ್ಷಣಗಳಲ್ಲಿ ಮೆಲ್ಬರ್ನ್ ಮುಂದಿದೆ. ಹಾಥಾರ್ನಿನ ಗ್ಯಾರಿ ಬಕನಾರಾಗೆ ದೂರದಿಂದ ಒದೆಯೋ ಅವಕಾಶ ಸಿಕ್ಕಿದೆ, ಗೋಲಾಗೋದು ಕಷ್ಟ. ಆಗ ಸ್ಟೈನ್ಸ್ ಅವನ ಮುಂದೆ ಅಡ್ಡ ಓಡಿಬಿಟ್ಟ! ಅದು ನಿಯಮದ ಉಲ್ಲಂಘನೆ. ಅಂಪೈರ್ ಹದಿನೈದು ಮೀಟರ್ ಮುಂದಕ್ಕೆ ಬಂದು ಒದೆಯೋಕೆ ಹೇಳಿದ. ಸೈರನ್ ಆದಮೇಲೆ ಬಕನಾರಾ ಒದ್ದ, ಗೋಲ್. ಮೆಲ್ಬರ್ನ್ ಎರಡು ಪಾಯಿಂಟಿನಿಂದ ಸೋತಿತು. ಕೋಚ್ ಜಾನ್ ನಾರ್ದಿ ಸ್ಟೈನ್ಸ್‌ಗೆ ಬೈಯೋ ದೃಶ್ಯ ಇವತ್ತಿಗೂ ಆ ದೇಶದ ಟಿವಿಯಲ್ಲಿ ತಿರುಗ್ತಾ ಇರುತ್ತೆ.

ಇಪ್ಪತ್ತಮೂರು ವರ್ಷ ಕಾದ ಕ್ಲಬ್ಬು, ಇಪ್ಪತ್ತೊಂದು ವರ್ಷದ ಪರದೇಶಿ ಹುಡುಗ, ಇಡೀ ಊರಿನ ಕಣ್ಣೆದುರು ಒಂದು ತಪ್ಪು. ನಿಮ್ಮ ಎಕ್ಸೆಲ್ ಶೀಟಲ್ಲಿ ಈ ಹೆಸರಿದ್ದರೆ ಏನು ಬರೀತಿದ್ರಿ?

ಕ್ಲಬ್ಬು ಅವನನ್ನ ಉಳಿಸಿಕೊಂಡಿತು. 1988ರಲ್ಲಿ ಮೆಲ್ಬರ್ನ್ ಗ್ರ್ಯಾಂಡ್ ಫೈನಲ್ ಆಡಿತು. ಹಾಥಾರ್ನ್ ವಿರುದ್ಧ 96 ಪಾಯಿಂಟಿನಿಂದ ಸೋತಿದ್ದು ಬೇರೆ ಮಾತು. 1991ರಲ್ಲಿ ಸ್ಟೈನ್ಸ್‌ಗೆ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ರೌನ್ಲೋ ಪದಕ ಬಂತು. 1987ರಿಂದ 1998ರವರೆಗೆ ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ. ಕತೆ ಅಲ್ಲಿಗೂ ಮುಗಿಯಲಿಲ್ಲ. 2008ರಲ್ಲಿ ಮೆಲ್ಬರ್ನ್ ಕ್ಲಬ್ ಸಾಲದಲ್ಲಿ ಮುಳುಗಿದಾಗ ಅಧ್ಯಕ್ಷನಾಗಿ ಬಂದು ಸಾಲ ತೀರಿಸೋ ಕೆಲಸಕ್ಕೆ ನಿಂತವನು ಇದೇ ಸ್ಟೈನ್ಸ್. 2009ರಲ್ಲಿ ಅವನಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಚಿಕಿತ್ಸೆಯ ನಡುವೆಯೇ ಕ್ಲಬ್ಬಿನ ಸಾಲ ತೀರಿಸಿದ. 2012ರ ಮಾರ್ಚಿನಲ್ಲಿ, ನಲವತ್ತೈದನೇ ವಯಸ್ಸಿಗೆ ಹೋಗಿಬಿಟ್ಟ. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೀತು.

ಸ್ಟೈನ್ಸ್ ಅಧ್ಯಕ್ಷನಾಗಿದ್ದಾಗಲೇ, 2009ರ ಡ್ರಾಫ್ಟ್‌ನಲ್ಲಿ 34ನೇ ಸರದಿಯಲ್ಲಿ ಮೆಲ್ಬರ್ನ್ ಒಬ್ಬ ಉದ್ದ ಹುಡುಗನನ್ನ ಆರಿಸಿತು. ಮ್ಯಾಕ್ಸ್ ಗಾನ್, 208 ಸೆಂಟಿಮೀಟರ್. ಉದ್ದ ಇರೋರ ಬುದ್ಧಿ ಮಂಡಿಯಲ್ಲಿ ಅಂತ ನಮ್ಮ ಕಡೆ ತಮಾಷೆ ಮಾಡ್ತಾರೆ. ಗಾನ್‌ನ ಮಂಡಿಗಳಿಗೆ ಬುದ್ಧಿ ಇತ್ತೋ ಇಲ್ಲವೋ, ಗ್ರಹಚಾರ ಮಾತ್ರ ಇತ್ತು. ಎಳೇ ವಯಸ್ಸಿಗೇ ಎರಡು ಸಲ ದೊಡ್ಡ ಆಪರೇಷನ್. ಹುಡುಗ ಶಿಸ್ತಿನ ಸಿಪಾಯಿಯೂ ಅಲ್ಲ. ಶುರುವಿನಲ್ಲಿ ಸಿಗರೇಟು ಸೇದ್ತಾ ಸಿಕ್ಕಿಬಿದ್ದಿದ್ದನ್ನ ಅವನೇ ಹೇಳಿಕೊಂಡಿದ್ದಾನೆ. ಮೊದಲ ಪಂದ್ಯ 2011ರಲ್ಲಿ. ರಾಷ್ಟ್ರಮಟ್ಟದ ಅತ್ಯುತ್ತಮ ತಂಡಕ್ಕೆ, ಅಂದ್ರೆ 'ಆಲ್ ಆಸ್ಟ್ರೇಲಿಯನ್'ಗೆ ಹೆಸರು ಬಂದಿದ್ದು 2016ರಲ್ಲಿ. ಗಿಡ ಇಟ್ಟು ಏಳನೇ ವರ್ಷ. ತಿಪಟೂರಿನ ಲೆಕ್ಕ ಸರಿಹೋಯ್ತು ನೋಡಿ.

2021ರಲ್ಲಿ ಅವನು ಮೆಲ್ಬರ್ನಿನ ನಾಯಕ. ಲೀಗ್ ಹಂತದ ಕೊನೇ ಪಂದ್ಯದಲ್ಲಿ, ಜೀಲಾಂಗ್ ಎದುರು, ಸೈರನ್ ಆದಮೇಲೆ ಒದೆಯೋ ಅವಕಾಶ ಗಾನ್‌ಗೆ ಸಿಕ್ಕಿತು. ಗೋಲ್. ಮೆಲ್ಬರ್ನ್ ನಾಲ್ಕು ಪಾಯಿಂಟಿನಿಂದ ಗೆದ್ದು ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸೆಪ್ಟೆಂಬರ್ 25ರಂದು ಪರ್ತ್‌ನಲ್ಲಿ ವೆಸ್ಟರ್ನ್ ಬುಲ್‌ಡಾಗ್ಸನ್ನ ಸೋಲಿಸಿ ಐವತ್ತೇಳು ವರ್ಷದ ಮೇಲೆ ಕಪ್ ಎತ್ತಿತು. 1987ರಲ್ಲಿ ಒಬ್ಬ ಉದ್ದ ಹುಡುಗನ ತಪ್ಪಿನಿಂದ ಸೈರನ್ ಆದಮೇಲೆ ಕೈತಪ್ಪಿದ್ದು, ಇನ್ನೊಬ್ಬ ಉದ್ದ ಹುಡುಗ ಸೈರನ್ ಆದಮೇಲೆ ಒದ್ದ ವರ್ಷ ಸಿಕ್ಕಿತು. ನೋಡೋಕೆ ಸ್ಟೈನ್ಸ್ ಇರಲಿಲ್ಲ.

ಇಂಥವು ಇನ್ನೂ ಇವೆ. ವೆಸ್ಟ್ ಕೋಸ್ಟ್‌ನ ಡೀನ್ ಕಾಕ್ಸ್, ಫ್ರೀಮ್ಯಾಂಟಲ್‌ನ 211 ಸೆಂಟಿಮೀಟರಿನ ಆರನ್ ಸ್ಯಾಂಡಿಲ್ಯಾಂಡ್ಸ್, ಇಬ್ಬರೂ ಮುಖ್ಯ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದೆ, ಆಮೇಲಿನ 'ರೂಕಿ' ಪಟ್ಟಿಯಿಂದ ಬಂದವರು. ಒಬ್ಬ 290 ಪಂದ್ಯ ಆಡಿದ, ಇನ್ನೊಬ್ಬ 271.

ಹಾಗಂತ ಕಾದವರಿಗೆಲ್ಲ ಕಾಯಿ ಸಿಗುತ್ತೆ ಅಂತ ಹೇಳಿದರೆ ನಾನು ಸುಳ್ಳುಗಾರ. ಇನ್ನೆರಡು ವರ್ಷ ಕೊಟ್ಟ ಮೇಲೂ ಆಡದೆಯೇ ಮನೆಗೆ ಹೋಗೋ ಉದ್ದ ಹುಡುಗರು ಬಹಳ. ಅವರ ಸುದ್ದಿಯೂ ಎರಡೇ ಸಾಲು. ಇನ್ನೊಂದು ಅಪಾಯ ಇದರ ಉಲ್ಟಾ, ಬೆಳೆಯೋ ಮೊದಲೇ ಬೆಳೆದವನ ಬೆಲೆ ಕಟ್ಟೋದು. ಟಾಮ್ ಬಾಯ್ಡ್ 2013ರ ಡ್ರಾಫ್ಟ್‌ನ ಮೊದಲ ಆಯ್ಕೆ, 200 ಸೆಂಟಿಮೀಟರ್. ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಒಂಬತ್ತೇ ಪಂದ್ಯ ಆಡಿದ್ದ. 2014ರ ಕೊನೆಯಲ್ಲಿ ಬುಲ್‌ಡಾಗ್ಸ್ ಅವನನ್ನ ಕರೆತಂದಿತು. ಪತ್ರಿಕೆಗಳು ವರದಿ ಮಾಡಿದಂತೆ ಏಳು ವರ್ಷ, ಸುಮಾರು ಎಪ್ಪತ್ತು ಲಕ್ಷ ಡಾಲರ್. ಹುಡುಗನಿಗೆ ಆಗ ಹತ್ತೊಂಬತ್ತು. 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೂರು ಗೋಲ್ ಒದ್ದು, ಅರವತ್ತೆರಡು ವರ್ಷದಿಂದ ಕಪ್ ಕಾಣದ ಕ್ಲಬ್ಬಿಗೆ ಕಪ್ ಗೆಲ್ಲೋಕೆ ನೆರವಾದ. ದುಡ್ಡು ವಸೂಲಾಯ್ತು ಅಂತ ಜನ ಅಂದ್ರು. ಮರುವರ್ಷ ಖಿನ್ನತೆಯಿಂದ ಆಟ ಬಿಟ್ಟು ಬಿಡುವು ತಗೊಂಡ. 2019ರ ಮೇನಲ್ಲಿ, ಇನ್ನೂ ಇಪ್ಪತ್ಮೂರು ವಯಸ್ಸು, ಕಾಂಟ್ರಾಕ್ಟ್ ಬಾಕಿ ಇರುವಾಗಲೇ ನಿವೃತ್ತಿ. ಪ್ರತಿ ಶನಿವಾರ ಮೈದಾನಕ್ಕಿಳಿದಾಗ ಆ ಮೊತ್ತ ಅವನ ಬೆನ್ನ ಮೇಲೆ ಕೂತಿರುತ್ತಿತ್ತು ಅನ್ಸುತ್ತೆ. ದುಡ್ಡು ಕೊಟ್ಟರೆ ಅವಧಿ ಸಿಗುತ್ತೆ. ಅವಸರ ಇಲ್ಲದ ಅವಧಿ ಬೇಕಂದ್ರೆ ಅದನ್ನ ಬೇರೆಯಾಗೇ ಕೊಡಬೇಕು.

ಸ್ಟೈನ್ಸ್‌ಗೂ ಗಾನ್‌ಗೂ ಸಿಕ್ಕಿದ್ದು ಅದು. 'ನೀನು ಮಹಾನ್ ಆಟಗಾರ' ಅಂತ ಯಾರೂ ಮೊದಲೇ ಬೋರ್ಡು ಹಾಕಲಿಲ್ಲ. 'ಇನ್ನೂ ನೋಡೋಣ, ನಾಳೆ ಪ್ರಾಕ್ಟೀಸಿಗೆ ಬಾ' ಅಂದ್ರು ಅಷ್ಟೇ. ಹಳೇ ಕಾಲದಲ್ಲಿ ಕ್ಲಬ್ಬು ಕಾಯ್ತಿದ್ದುದು ಹುಡುಗನಿಗೆ ಬೇರೆ ದಾರಿ ಇಲ್ಲ ಅಂತ. ಈಗ ಅವನು ಹೋಗಬಹುದು, ಕ್ಲಬ್ಬೂ ಕೈಬಿಡಬಹುದು. ಎರಡೂ ಕಡೆ ಬಾಗಿಲು ತೆರೆದಿದ್ದಾಗ ಹಾಕೋ ಸಹಿ ಇದು, ಅದಕ್ಕೇ ಆ ಎರಡು ಸಾಲಿನ ಸುದ್ದಿಗೆ ತೂಕ.

ಆ ರಾತ್ರಿ ಮತ್ತೆ ಶೀಟ್ ತೆಗೆದೆ. ನನ್ನ ಮೊದಲ ಕೆಲಸದಲ್ಲಿ ಬಾಂಡ್ ಮುಗಿಯೋಕೆ ಬಂದಾಗ ನನ್ನ ಮ್ಯಾನೇಜರ್ ಮುಂದೆಯೂ ಹೀಗೇ ಒಂದು ಶೀಟ್ ಇದ್ದಿರಬೇಕು. ಕನ್ನಡ ಮೀಡಿಯಂನಿಂದ ಬಂದವನು, ಎಂಟು ತಿಂಗಳು ಬೆಂಚ್, ಕ್ಲೈಂಟ್ ಕಾಲ್ ಅಂದ್ರೆ ಬೆವರ್ತಿದ್ದೆ. ಅವರು ನನ್ನ ಹೆಸರಿನ ಮುಂದೆ ಏನು ಬರೆದ್ರು ಅಂತ ಇವತ್ತಿಗೂ ಗೊತ್ತಿಲ್ಲ. ಉಳಿದುಕೊಂಡೆ, ಅಷ್ಟೇ ಗೊತ್ತು.

ಹನ್ನೊಂದನೇ ಹೆಸರಿನ ಮುಂದೆ 'ಉಳಿಸಿಕೊಳ್ಳುವುದು' ಅಂತ ಹಾಕಿದೆ. ಕಾರಣ ಕೇಳೋ ಕಾಲಂನಲ್ಲಿ 'ಕೆಲಸ ನಿಧಾನ, ತಪ್ಪಿಲ್ಲ, ಇನ್ನೊಂದು ವರ್ಷ ಬೇಕು' ಅಂತ ಬರೆದೆ. ಮೇಲಿನವರು ಫೋನ್ ಮಾಡಿ ಹತ್ತು ನಿಮಿಷ ವಾದ ಮಾಡಿದ್ರು. ಕೊನೆಗೆ ಒಪ್ಪಿದ್ರು, ಆದ್ರೆ ಒಂದೇ ವರ್ಷಕ್ಕೆ, ನನ್ನ ಜವಾಬ್ದಾರಿ ಮೇಲೆ.

ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ. ಮೊನ್ನೆ ಸೋಮವಾರ ಮೀಟಿಂಗಲ್ಲಿ ಮೊದಲ ಸಲ ಕೈ ಎತ್ತಿ ಒಂದು ಪ್ರಶ್ನೆ ಕೇಳಿದ. ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ನನಗೆ ಗೊತ್ತಿರಲಿಲ್ಲ.